ಹುಮೇರಾ ಮೇಡಂ ಪಾಠಕ್ಕೆ ಬಿದ್ದ ಕತ್ತರಿ

"ನನ್ನ ಪಾಠಕ್ಕ ಕತ್ತರಿ ಹಾಕಾಕ ನಿಮಗ ಅಧಿಕಾರ ಕೊಟ್ಟೋರು ಯಾರ್ರೀ?"

ರೆಕಾರ್ಡಿಂಗ್ ರೂಮಿನ ಬಾಗಿಲು ದಡಾರನೆ ತೆರೆದು ಹುಮೇರಾ ಒಳಗೆ ನುಗ್ಗಿದಾಗ, ಮುಬಶೀರ್ ಕಂಪ್ಯೂಟರ್ ಮೇಲಿನ ಕೆಂಪು ಧೂಳು ಒರೆಸುತ್ತಿದ್ದ. ಬಳ್ಳಾರಿ ತುಂಬ ಅದಿರಿನ ಲಾರಿಗಳು ಓಡುತ್ತಿದ್ದ ಕಾಲ ಅದು. ಒರೆಸಿದಷ್ಟೂ ಧೂಳು ಬಂದು ಕೂರುತ್ತಿತ್ತು!

"ಅರ್ಥಶಾಸ್ತ್ರದ ಹುಮೇರಾ ಮೇಡಂ ನೀವೇನ್ರಿ? ಕೂಡ್ರಿ. ನಾನು ಮುಬಶೀರ್, ಆನ್‌ಲೈನ್ ಪಾಠದ ಉಸ್ತುವಾರಿಗೆ ಹೊಸದಾಗಿ ಬಂದೀನಿ..."

"ಕೂಡಾಕ ಬಂದಿಲ್ಲ! ನನ್ನ ಪಾಠ ಅರ್ಧ ಎಲ್ಲಿ ಹೋತು?"

"ಹೇಳಿದ್ದನ್ನೇ ಎರಡು ಸಲ ಹೇಳೀರಿ ಮೇಡಂ. ಪುಸ್ತಕದ ಭಾಷಾದಾಗ ಒಮ್ಮೆ, ನಮ್ಮ ಮಾತಿನ್ಯಾಗ ಒಮ್ಮೆ. ಎರಡನೇದು ತೆಗದೆ. ಅಷ್ಟು ದೊಡ್ಡ ಫೈಲ್ ಹುಡುಗ್ಯಾರು ಪಾಠ ನೋಡೋ ಸಿರುಗುಪ್ಪ ಕೇಂದ್ರದ ನೆಟ್ ತಡಕೊಳ್ಳಂಗಿಲ್ಲ..."

"ನೆಟ್ ತಡಕೊಳ್ಳಂಗಿಲ್ಲೋ, ನಿಮ್ಮ ಕಿವಿ ತಡಕೊಳ್ಳಂಗಿಲ್ಲೋ? ನಮ್ಮ ಕುರುಗೋಡಿನ ಮಾತು ಕೇಳಿ ನಾಚಿಕಿ ಬಂತೇನು?"

ಆತ ಬಾಯಿ ತೆರೆಯುವಷ್ಟರಲ್ಲಿ ಆಕೆ ಹೊರಟೇಹೋಗಿದ್ದಳು.

ಆಕೆಯ ಸಿಟ್ಟಿಗೂ ಕಾರಣವಿತ್ತು. ಎಂ.ಎ. ಓದುವಾಗ ಸೆಮಿನಾರಿನಲ್ಲಿ ಆಕೆ ಮಾತಾಡಿದ ರೀತಿಗೆ ಇಡೀ ಹಾಲ್ ನಕ್ಕಿತ್ತು. ಆವತ್ತೇ ಹಟ ಹಿಡಿದಳು... ಕಾಲೇಜಿಗೆ ಬರಲಾಗದ ಹುಡುಗಿಯರಿಗೆ ಅದೇ ಮಾತಿನಲ್ಲಿ ಅರ್ಥಶಾಸ್ತ್ರ ಕಲಿಸಬೇಕು!

ಕತ್ತರಿಯ ಜಗಳವಾದ ದಿನದಿಂದ ಇಬ್ಬರ ನಡುವೆ ಮಾತು ಬಂದ್. ಕಾರಿಡಾರಿನಲ್ಲಿ ಎದುರಾದರೆ ಈಕೆ ನೋಟಿಸ್ ಬೋರ್ಡ್ ಓದುವಳು. ಪಾಪ, ಅದರಲ್ಲಿ ಓದೋಕೆ ಏನೂ ಇರುತ್ತಿರಲಿಲ್ಲ!

ಆದರೂ ರೆಕಾರ್ಡಿಂಗ್‌ಗೆ ಆತನೆದುರೇ ನಿಲ್ಲಬೇಕು. ಗಂಟಲು ಒಣಗುವ ಮೊದಲೇ ಮೇಜಿನ ಮೇಲೆ ನೀರಿನ ಲೋಟ ಬಂದಿರುತ್ತಿತ್ತು. ಬಿಸಿಲಿಗೆ ಕಣ್ಣು ಕುಕ್ಕಿದರೆ ಕಿಟಕಿಯ ಪರದೆ ಸರಿದಿರುತ್ತಿತ್ತು. 'ಈ ಮನಷ್ಯಾ ಕೆಟ್ಟವನಾದ್ರೂ ಆಗಬಾರದಾ? ಬೈಕೊಂಡು ಹಾಯಾಗಿರ್ತಿದ್ದೆ...' ಎಂದು ಒಳಗೊಳಗೇ ಕುದಿಯುತ್ತಿದ್ದಳು.

ಆ ಕುದಿಯ ಮೇಲೆ ಎಣ್ಣೆ ಸುರಿದವರು ಪ್ರಿನ್ಸಿಪಾಲ್ ಮರಿಬಸಪ್ಪ.

"ಬಾಯಿ ಸಿಹಿ ಮಾಡಮ್ಮಾ! ಆನ್‌ಲೈನ್ ಬೋಧನೆಗೆ ವಿಶ್ವವಿದ್ಯಾಲಯದ ಪ್ರಶಸ್ತಿ ನಿನಗ ಬಂದೈತಿ. ಶುದ್ಧ ಭಾಷೆ, ಚುಟುಕು ಪಾಠ ಅಂತ ಬರದಾರ. ಇನ್ನ ಮ್ಯಾಲೆ ಎಲ್ಲಾರ ಪಾಠಕ್ಕೂ ಅದೇ ಮಾದರಿ ಅಂತ!"

ಹುಮೇರಾಳ ಮುಖ ಬಿಳುಚಿಕೊಂಡಿತು. ಪ್ರಶಸ್ತಿ ಕೊಟ್ಟವರು ನೋಡಿದ್ದು ಕತ್ತರಿ ಬಿದ್ದ ಆ ಮೊದಲ ಪಾಠ! "ಸರ್, ಅದು ನನ್ನ ಪಾಠ ಅಲ್ರಿ. ಅರ್ಧ ಪಾಠ. ನನ್ನ ಹೆಸರಿನ ಮ್ಯಾಲೆ ಎಲ್ಲಾರಿಗೂ ಕತ್ತರಿ ಬೀಳ್ತೈತಿ..."

"ಬಂದ ಲಕ್ಷ್ಮಿನ ಕಾಲಿಲೆ ಒದೀಬ್ಯಾಡಮ್ಮ. ಸುಮ್ನ ಶಾಲು ಹೊದಸ್ಕೊಂಡು ಬಾ."

ಸಮಾರಂಭದ ದಿನ ಬಳ್ಳಾರಿಯ ಆ ಹಾಲ್ ಕಿಕ್ಕಿರಿದಿತ್ತು. ಪ್ರಶಸ್ತಿಯ ಖರ್ಚು ಹೊತ್ತಿದ್ದ ಗಣಿ ಧಣಿಯೇ ಮುಖ್ಯ ಅತಿಥಿ. ಅವರ ಹೆಲಿಕಾಪ್ಟರ್ ಇನ್ನೂ ಬಂದಿರಲಿಲ್ಲ. ಪ್ರಶಸ್ತಿ ಪಡೆದವರು ಅಲ್ಲೇ ಒಂದು ಪುಟ್ಟ ಪಾಠ ಮಾಡಬೇಕು, ಅದು ಸಿರುಗುಪ್ಪ ಮತ್ತು ಕುರುಗೋಡು ಕೇಂದ್ರಗಳಲ್ಲಿ ನೇರವಾಗಿ ಕಾಣಬೇಕು. ಮುಬಶೀರ್ ಲೈನ್ ಪರೀಕ್ಷೆ ಮಾಡುತ್ತಿದ್ದ.

ಪರದೆಯ ಮೇಲೆ ಸಿರುಗುಪ್ಪ ಕೇಂದ್ರದ ಒಬ್ಬ ಹುಡುಗಿ ಮೂಡಿದಳು.

"ಮೇಡಂ, ನಾನು ಹಚ್ಚೊಳ್ಳಿ ಜಂಬಮ್ಮ! ನಿಮ್ಮ ಪಾಠದಿಂದ ಪಾಸಾದೆ ನೋಡ್ರಿ. ನೆಟ್‌ನ್ಯಾಗ ಬಂದ ಅರ್ಧ ಪಾಠ ತಲಿಗೇ ಹತ್ತಿರಲಿಲ್ಲ. ಮುಬಶೀರ್ ಸರ್‌ಗೆ ಜೋರು ಮಾಡಿದ್ವಿ. ಆಮ್ಯಾಲೆ ವಾರವಾರ ಬಸ್ಸಿನ್ಯಾಗ ಬಂದು ಪೂರ್ತಿ ಪಾಠದ ಸಿಡಿ ಕೊಟ್ರು. ಕುರುಗೋಡಿಗೂ ಅವರೇ ಮುಟ್ಟಿಸ್ಯಾರ!"

ಹುಮೇರಾ ಆತನತ್ತ ತಿರುಗಿದಳು. ಮುಬಶೀರ್ ತಲೆ ತಗ್ಗಿಸಿ ವೈರು ತಿರುವುತ್ತಿದ್ದ. ಅಯ್ಯೋ, ಇಷ್ಟು ದಿನ ಯಾರ ಮೇಲೆ ಹಲ್ಲು ಕಡೀತಿದ್ದೆ ನಾನು!

ಅಷ್ಟರಲ್ಲಿ ಹೆಲಿಕಾಪ್ಟರಿನ ಸದ್ದು. ಧಣಿ ಬಂದರು, ಹಾರ ಬಿದ್ದವು, ಶಾಲು ಬಂತು. ವಿಶ್ವವಿದ್ಯಾಲಯದ ಹಿರಿಯರು ಪಿಸುಗುಟ್ಟಿದರು: "ತಡವಾಗಿದೆ. ಎರಡೇ ಮಾತು ಹೇಳಿ ಮುಗಿಸಿ."

ಹುಮೇರಾ ಮೈಕ್ ಹಿಡಿದಳು. "ಪೂರೈಕೆ ಕಡಿಮೆಯಾಗಿ ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ."

ಚಪ್ಪಾಳೆ ಬಿತ್ತು. ಆಕೆ ಇಳಿಯಲಿಲ್ಲ.

"ಈಗ ಜಂಬಮ್ಮಗ ಹೇಳ್ತೀನಿ. ನಿಮ್ಮೂರಾಗ ನೆಲ್ಲು ಸಾಗಿಸಾಕ ಲಾರಿ ಸಿಗವಲ್ವು, ಹೌದಿಲ್ಲೋ? ಎಲ್ಲಾ ಅದಿರು ಹೊರಾಕ ಹೋಗ್ಯಾವು. ಇರೋ ನಾಕು ಲಾರಿಗೆ ಊರಿಗೂರೇ ಮುಗಿಬಿದ್ದೈತಿ. ಹಂಗಾಗಿ ಬಾಡಿಗಿ ಮ್ಯಾಲೇರೈತಿ. ಬೇಡಿಕೆ ಅಂದ್ರ ಇದವ್ವ!"

ವೇದಿಕೆಯ ಮೇಲೆ ಧಣಿ ಕುರ್ಚಿಯಲ್ಲಿ ಸರಿದು ಕೂತರು. ಹಿರಿಯರು ಕೆಂಡವಾದರು. "ರೀ ಮುಬಶೀರ್, ಲೈನ್ ಕಟ್ ಮಾಡ್ರೀ!"

ಹುಮೇರಾ ತಿರುಗಿ ನೋಡಿದಳು. ಮತ್ತೆ ಕತ್ತರಿ ಹಾಕ್ತಾನಾ?

ಮುಬಶೀರ್ ಎದ್ದು ನಿಂತ. "ಆಗಂಗಿಲ್ಲ ಸರ್. ಒಮ್ಮೆ ಕಟ್ ಮಾಡಿ ತಪ್ಪು ಮಾಡೀನಿ. ಮೇಡಂ ಪಾಠ ಇನ್ನೂ ಮುಗಿದಿಲ್ಲ."

ಎರಡೂ ಕೇಂದ್ರಗಳಿಂದ ಕೂಗೆದ್ದಿತು. "ನಮಗ ಹಿಂಗ ಹೇಳಿಕೊಟ್ರ ತಿಳೀತೈತ್ರೀ ಸರ್, ಇದನ್ನ ತೆಗೀಬ್ಯಾಡ್ರಿ!" ಎಂದಳು ಜಂಬಮ್ಮ. ಹಾಲ್ ತುಂಬ ಚಪ್ಪಾಳೆ. ಅಷ್ಟು ಜನರೆದುರು ಹಿರಿಯರು ಇನ್ನೇನು ಮಾಡಿಯಾರು? "ಮಾದರಿ ವಿಷಯ... ಮತ್ತೆ ಯೋಚಿಸೋಣ" ಎಂದು ಗೊಣಗಿ ಕೂತರು. ಮುಬಶೀರ್‌ನನ್ನು ಮಾತ್ರ ದುರುಗುಟ್ಟಿ ನೋಡಿದರು.

ಜನ ಕರಗಿದ ಮೇಲೆ ಹುಮೇರಾ ಆತನ ಹತ್ತಿರ ಬಂದಳು.

"ನಿಮಗ ಮೆಮೊ ಬರ್ತೈತಿ."

"ಬರ್ಲಿ ಬಿಡ್ರಿ."

"ಸಿಡಿ ವಿಷಯ ನನಗ್ಯಾಕ ಹೇಳ್ಲಿಲ್ಲ?"

"ಹೇಳಾಕ ಬಂದ್ರ ಮುಖ ತಿರುವ್ತಿದ್ರಿ. ನನಗೂ ಸಿಟ್ಟಿತ್ತು... ಖರೇ ಹೇಳ್ಲಾ? ಸಿಡಿ ಮಾಡ್ತಾ ಮಾಡ್ತಾ ನಿಮ್ಮ ದನಿ ರೂಢಿ ಆಗಿಬಿಟ್ತು. ಪಾಠ ಮುಗಿದ್ರೂ ಬಂದ್ ಮಾಡಾಕ ಮನಸ್ಸಾಗ್ತಿರಲಿಲ್ಲ."

ಹುಮೇರಾಳ ಕಣ್ಣು ತುಂಬಿದವು. "ಬ್ಯಾರೆ ಯಾರರ ನನ್ನ ಮಾತಿಗೆ ನಾಚಿಕಿ ಪಟ್ಟಿದ್ರ ತಡಕೊಂತಿದ್ದೆ. ನೀವು ಪಟ್ರಿ ಅಂತ ತಿಳಕೊಂಡೆನಲ್ಲ, ಅದನ್ನ ತಡಕೊಳ್ಳಾಕ ಆಗ್ಲಿಲ್ಲ... ಯಾಕಂತ ಇವತ್ತು ತಿಳೀತು."

"ಯಾಕ?"

"ನನ್ನ ಬಾಯಿಂದ್ಲೇ ಕೇಳಬೇಕಾ? ನೀವಂದ್ರ ನನಗ ಪ್ರಾಣ!"

ಮುಬಶೀರ್ ಕೈಯಲ್ಲಿದ್ದ ವೈರು ಜಾರಿ ಬಿತ್ತು. "ಹಂಗಾದ್ರ... ನಮ್ಮಮ್ಮನ್ನ ಕುರುಗೋಡಿಗೆ ಯಾವಾಗ ಕಳಿಸ್ಲಿ?"

"ಶುಕ್ರವಾರ ನಮ್ಮಪ್ಪ ಮನ್ಯಾಗಿರ್ತಾನ."

"ಅವರು ಒಪ್ಪಲಿಲ್ಲಂದ್ರ?"

ಆಕೆ ಕಣ್ಣೊರೆಸಿಕೊಂಡು ನಕ್ಕಳು. "ಶನಿವಾರನೂ ಮನ್ಯಾಗ ಇರ್ತಾನ್ರಿ!"