ಹೆಜ್ಜೆ ಕಲಿತ ಗಾಲಿಗಳು

ಧಾರವಾಡ ನಿಲ್ದಾಣದ ಪ್ಲಾಟ್‌ಫಾರ್ಮಿನಲ್ಲಿ ಮಡಚಿದ ಸೈಕಲ್ಲುಗಳು ತಮ್ಮ ಒಡೆಯರ ಹಿಂದೆ ತಾವಾಗಿಯೇ ಉರುಳಿಕೊಂಡು ಹೋಗುತ್ತಿದ್ದವು. ಯಾರೂ ಅವನ್ನು ಎಳೆಯುತ್ತಿರಲಿಲ್ಲ. ಒಬ್ಬರು ಚಹಾ ಕುಡಿಯಲು ನಿಂತರೆ ಅವರ ಸೈಕಲ್ಲೂ ನಿಲ್ಲುತ್ತಿತ್ತು. ಅವರು ಹೊರಟರೆ ಅದೂ ಹೊರಡುತ್ತಿತ್ತು.

ಹುಬ್ಬಳ್ಳಿ ಮತ್ತು ಧಾರವಾಡಗಳ ನಡುವೆ ಮೋಟಾರು ವಾಹನಗಳು ನಿಂತು ಬಹಳ ವರ್ಷಗಳಾಗಿದ್ದವು. ಜನರು ಮನೆಯಿಂದ ನಿಲ್ದಾಣದವರೆಗೆ ಸೈಕಲ್ ತುಳಿದು, ಅದನ್ನು ಮಡಚಿ ರೈಲಿಗೆ ಹತ್ತಿಸಿ, ಇಳಿದ ಮೇಲೆ ಮತ್ತೆ ಬಿಚ್ಚಿ ತುಳಿಯುತ್ತಿದ್ದರು. ಮಡಚಿದ ಸೈಕಲ್ಲಿನ ಅಡಿಯಲ್ಲಿ ನಿಂಬೆಹಣ್ಣಿನ ಗಾತ್ರದ ಪುಟ್ಟ ಗಾಲಿಗಳಿರುತ್ತವೆ. ಪ್ಲಾಟ್‌ಫಾರ್ಮಿನ ಮೇಲೆ ಅದನ್ನು ಉರುಳಿಸಿಕೊಂಡು ಹೋಗುವುದು ಅವುಗಳಿಂದಲೇ. ಮೊದಲಿನ ಪ್ಲಾಸ್ಟಿಕ್ ಗಾಲಿಗಳು ಕಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತಿದ್ದವು, ಸವೆದು ಒಂದೇ ಕಡೆಗೆ ವಾಲುತ್ತಿದ್ದವು. ಅವುಗಳ ಬದಲಿಗೆ ಬಂದದ್ದು ಅನುಗಾಮಿ ಗಾಲಿ.

ಈ ಗಾಲಿಯೊಳಗೆ ಒಂದು ಕಂಪನಗ್ರಾಹಿ ಇದೆ. ನಾವು ನಡೆಯುವಾಗ ನೆಲದಲ್ಲಿ ಏಳುವ ಸಣ್ಣ ನಡುಕವನ್ನು ಅದು ಗ್ರಹಿಸುತ್ತದೆ. ಹಿಮ್ಮಡಿ ಎಷ್ಟು ಒತ್ತಿ ಊರುತ್ತದೆ, ಎರಡು ಹೆಜ್ಜೆಗಳ ನಡುವೆ ಎಷ್ಟು ಬಿಡುವು, ಯಾವ ಕಾಲಿನ ಮೇಲೆ ಹೆಚ್ಚು ಭಾರ, ಇವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಬಗೆ. ಗಾಲಿ ಜೋಡಿಸಿದ ಮೇಲೆ ಮೊದಲು ಯಾರು ನಡೆಯುತ್ತಾರೋ ಅವರ ನಡಿಗೆಯ ಮುದ್ರೆಯನ್ನು ಅದು ಕಲಿಯುತ್ತದೆ. ಆಮೇಲೆ ಅವರನ್ನೇ ಹಿಂಬಾಲಿಸುತ್ತದೆ. ಬೇರೆ ಯಾರು ಎಳೆದರೂ ಬಿಗಿದುಕೊಳ್ಳುತ್ತದೆ. ಕಳ್ಳರ ಭಯದಿಂದ ಹಾಗೆ ಮಾಡಲಾಗಿತ್ತು.

ಇದನ್ನು ಕಂಡುಹಿಡಿದ ಡಾ. ಮೃಣಾಲಿನಿ ಇನಾಮದಾರ ವಾರಕ್ಕೊಮ್ಮೆ ನಿಲ್ದಾಣಕ್ಕೆ ಬಂದು ನಿಲ್ಲುತ್ತಿದ್ದರು. ಎಲ್ಲವೂ ಸರಿಯಾಗಿ ಉರುಳುತ್ತಿದ್ದರೂ ಅವರಿಗೆ ಸಮಾಧಾನವಿರಲಿಲ್ಲ. ತಮ್ಮ ಲೆಕ್ಕಕ್ಕೆ ಬಾರದ ಯಾವುದೋ ಒಂದು ಉಳಿದುಹೋಗಿದೆ ಎಂಬ ಅಳುಕು ಸದಾ ಇತ್ತು.

ಆ ಬೆಳಿಗ್ಗೆ ಅವರಿಗೆ ಶಂಕ್ರವ್ವ ಕಡೇಮನಿ ಕಂಡರು. ಅರವತ್ತರ ಹತ್ತಿರದ ಹೆಂಗಸು. ಮಡಚಿದ ಸೈಕಲ್ಲನ್ನು ಎಡಗೈಯಿಂದ ಎತ್ತಿ ನಾಲ್ಕು ಹೆಜ್ಜೆ ಇಟ್ಟು, ಕೆಳಗಿಳಿಸಿ, ಬಲಭುಜ ಹಿಡಿದುಕೊಂಡು ನಿಂತರು. ಅಷ್ಟರಲ್ಲಿ ರೈಲು ಹೊರಟುಹೋಯಿತು.

ಮೃಣಾಲಿನಿ ಹತ್ತಿರ ಹೋಗಿ ವಿಚಾರಿಸಿದರು. ಶಂಕ್ರವ್ವ ಹುಬ್ಬಳ್ಳಿಯ ಒಂದು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದರು. ಶಾಲೆ ನಿಲ್ದಾಣದಿಂದ ದೂರ, ಸೈಕಲ್ ಇಲ್ಲದೆ ಆಗದು. ತುಳಿಯಲು ತೊಂದರೆಯಿಲ್ಲ, ಎತ್ತಲು ಮಾತ್ರ ಭುಜ ಬಿಡುತ್ತಿರಲಿಲ್ಲ. ಹೀಗೇ ತಡವಾಗುತ್ತಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದು ಅಡುಗೆಮನೆಯ ಮುಖ್ಯಸ್ಥೆ ಹೇಳಿದ್ದಳು. ಒಂಟಿ ಜೀವಕ್ಕೆ ಆ ಕೆಲಸವೊಂದೇ ಆಧಾರ. ಹೋದ ವರ್ಷದವರೆಗೆ ಗಾಲಿ ಚೆನ್ನಾಗಿಯೇ ನಡೆಯುತ್ತಿತ್ತಂತೆ.

ಮೃಣಾಲಿನಿ ಬಗ್ಗಿ ಗಾಲಿಗಳನ್ನು ಪರೀಕ್ಷಿಸಿದರು. ಯಾವ ದೋಷವೂ ಇರಲಿಲ್ಲ.

"ಗಾಲಿ ಹಾಕಿಸಿದ ದಿನ ಮೊದಲ ನಡೆದವರು ಯಾರ್ರೀ?"

"ನಮ್ಮ ಸೊಸಿ ಚಂಪಾ."

"ನೀವ ನಡೀಬೇಕಂತ ಅಂಗಡಿಯವರು ಹೇಳಿದ್ದಿಲ್ಲೇನು?"

"ಹೇಳಿದ್ರು. ಗಂಡನ್ನ ಕಳಕೊಂಡಾಕಿ ನಾನು, ಹೊಸಾ ವಸ್ತುವಿನ ಮುಂದ ಹೆಂಗ ಮೊದಲ ನಡೀಲ್ರೀ? ಆಕೀ ಕಾಲ್ಗುಣ ಛಲೋ ಇತ್ತು. ಆಕಿ ಮನಿಗೆ ಬಂದ ಮ್ಯಾಲ ನನ್ನ ಮಗನ ನೌಕರಿ ಕಾಯಂ ಆತು. ಅದಕ್ಕ ಗಾಲಿ ಬುಡಕ ಲಿಂಬಿಹಣ್ಣಿಟ್ಟು, ಕಾಯಿ ಒಡದು, ಆಕಿನ್ನ ನಡಸಿದ್ವಿ."

ಆಗ ಅತ್ತೆ ಸೊಸೆ ಇಬ್ಬರೂ ಒಂದೇ ಅಡುಗೆಮನೆಗೆ ಹೋಗುತ್ತಿದ್ದರು. ಚಂಪಾ ಸೈಕಲ್ ತುಳಿದರೆ ಶಂಕ್ರವ್ವ ಹಿಂದೆ ಕೂರುತ್ತಿದ್ದರು. ಪ್ಲಾಟ್‌ಫಾರ್ಮಿನ ಮೇಲೆ ಇಬ್ಬರೂ ಜೊತೆಗೇ ನಡೆಯುತ್ತಿದ್ದುದರಿಂದ ಸೈಕಲ್ ಯಾರ ಹಿಂದೆ ಬರುತ್ತಿದೆ ಎಂದು ಯಾರೂ ಯೋಚಿಸಿರಲಿಲ್ಲ. ಮೃಣಾಲಿನಿಗೆ ನಾಚಿಕೆಯಾಯಿತು. ಕಳ್ಳರ ಬಗ್ಗೆ ಅಷ್ಟು ಯೋಚಿಸಿದ ತಾನು ಇಂಥ ಮನೆಗಳ ಬಗ್ಗೆ ಯೋಚಿಸಿರಲಿಲ್ಲ.

ಆದರೂ ದಾರಿಯಿತ್ತು. ಮುದ್ರೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸಬಹುದು. ಮೊದಲು ನಡೆದವರು ಬಂದು ಹೊಸಬರ ಪಕ್ಕದಲ್ಲಿ ಸ್ವಲ್ಪ ದೂರ ನಡೆದರೆ ಸಾಕು, ಗಾಲಿ ಇಬ್ಬರನ್ನೂ ಗುರುತಿಸಿ ಒಪ್ಪಿಕೊಳ್ಳುತ್ತದೆ. ಸೊಸೆಯನ್ನು ಕರೆತನ್ನಿ ಎಂದು ಅವರು ಸರಳವಾಗಿ ಹೇಳಿದರು.

ಶಂಕ್ರವ್ವ ಹಳಿಗಳ ಕಡೆ ನೋಡುತ್ತ ಹೇಳಿದರು. ಮಗ ಮಹಾಂತೇಶ ಹೋದ ವರ್ಷ ಕೆಲಸದ ಜಾಗದಲ್ಲಿ ಕರೆಂಟು ಹೊಡೆದು ತೀರಿಕೊಂಡಿದ್ದ. ದಿನಕರ್ಮಕ್ಕೆ ಬಂದ ಬಂಧುಗಳೆಲ್ಲರ ಎದುರಿಗೆ ಶಂಕ್ರವ್ವ ಸೊಸೆಯ ಕಾಲು ತೋರಿಸಿ, ಈ ಕಾಲೇ ನನ್ನ ಮಗನನ್ನು ತಿಂದಿತು ಎಂದಿದ್ದರು. ಚಂಪಾ ಅಂದೇ ನವನಗರದ ಅಣ್ಣನ ಮನೆಗೆ ಹೊರಟುಹೋಗಿದ್ದಳು.

ಕಳ್ಳರು ಅಳಿಸದಂತೆ ಮಾಡಿದ ಮುದ್ರೆಯನ್ನು ಮೃಣಾಲಿನಿಯೂ ಅಳಿಸುವಂತಿರಲಿಲ್ಲ. ಕಾರ್ಖಾನೆಯಿಂದ ಹೊಸ ಗಾಲಿ ತರಿಸಲು ತಿಂಗಳುಗಳೇ ಬೇಕಿದ್ದವು. ಅಷ್ಟರಲ್ಲಿ ಕೆಲಸ ಹೋಗುತ್ತಿತ್ತು.

ಕೊನೆಗೆ ಶಂಕ್ರವ್ವ ತಾವೇ ನವನಗರಕ್ಕೆ ಹೋದರು. ಹೊಸ್ತಿಲ ಹೊರಗೇ ನಿಂತು ಸೈಕಲ್ಲಿನ ವಿಷಯವನ್ನಷ್ಟೇ ಹೇಳಿದರು. ಚಂಪಾ ಬೈಯಲಿಲ್ಲ, ಅಳಲೂ ಇಲ್ಲ. ಎಷ್ಟು ಹೊತ್ತಿಗೆ ಬರಲಿ ಎಂದು ಮಾತ್ರ ಕೇಳಿದಳು.

ಮರುದಿನ ಮೂವರೂ ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಸೇರಿದರು. ಮೃಣಾಲಿನಿ ಮೊದಲು ಚಂಪಾಳಿಗೆ ಒಬ್ಬಳೇ ನಡೆಯಲು ಹೇಳಿದರು. ಅವಳು ನಡೆದಳು. ಸೈಕಲ್ ಇದ್ದಲ್ಲೇ ಇತ್ತು. ಮತ್ತೆ ನಡೆಸಿದರು. ಗುರುತು ಸಿಕ್ಕರೆ ಹಸಿರಾಗಬೇಕಿದ್ದ ಗಾಲಿಯ ಮೇಲಿನ ಸಣ್ಣ ದೀಪ ಕೆಂಪಾಗಿಯೇ ಉಳಿಯಿತು.

ಆಗ ಮೃಣಾಲಿನಿ ಅವಳ ಪಾದಗಳನ್ನು ಗಮನಿಸಿದರು. ಅವಳು ತುದಿಗಾಲಿನಲ್ಲೆಂಬಂತೆ ನಡೆಯುತ್ತಿದ್ದಳು. ಹಿಮ್ಮಡಿ ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವಷ್ಟು ಹಗುರ.

"ಕಾಲು ನೋವದ ಏನವಾ?"

"ಇಲ್ರೀ. ಸಪ್ಪಳ ಆಗಬಾರ್ದಂತ ಹಿಂಗ ನಡೀತೇನ್ರಿ. ಅಣ್ಣನ ಮನ್ಯಾಗ ವೈನಿ ಬಸುರಿ ಅದಾಳ. ನನ್ನ ಕಾಲು ಎಂಥಾವಂತ ಅವರಿಗೂ ಗೊತ್ತೈತಲ್ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಶಂಕ್ರವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

ಮೊದಲಿನಂತೆ ನಡೆಯಲು ಪ್ರಯತ್ನಿಸು ಎಂದು ಮೃಣಾಲಿನಿ ಬೇಡಿಕೊಂಡರು. ಚಂಪಾ ಪ್ರಯತ್ನಿಸಿದಳು. ಹಿಮ್ಮಡಿಯನ್ನು ಬೇಕೆಂದೇ ಒತ್ತಿ, ಕೈ ಬೀಸಿ ನಡೆದಳು. ಬೇರೆ ಯಾರನ್ನೋ ಅಣಕಿಸುವಂತೆ ಕಂಡಿತು. ಗಾಲಿ ಅಲುಗಲಿಲ್ಲ. ಅವಳು ನಿಂತು, ಮೊದಲು ಹೇಗೆ ನಡೆಯುತ್ತಿದ್ದೆ ಎಂಬುದು ತನಗೆ ನೆನಪಿಲ್ಲ ಎಂದಳು.

ಮೃಣಾಲಿನಿ ಮುಖ ತಿರುಗಿಸಿದರು. ನಡಿಗೆ ವಯಸ್ಸಿನಿಂದ ಬದಲಾಗುತ್ತದೆ, ಗಾಯದಿಂದ ಬದಲಾಗುತ್ತದೆ ಎಂದು ಅವರು ಲೆಕ್ಕ ಹಾಕಿದ್ದರು. ಒಂದು ಮಾತಿನಿಂದ ಬದಲಾಗಬಹುದೆಂದು ಹಾಕಿರಲಿಲ್ಲ. ಗಾಲಿ ಹುಡುಕುತ್ತಿದ್ದ ಆ ನಡಿಗೆ ಈಗ ಯಾರ ಬಳಿಯೂ ಇರಲಿಲ್ಲ.

"ತಪ್ಪು ನಂದ ಅದ," ಎಂದರು ಅವರು.

ಶಂಕ್ರವ್ವ ತಲೆಯಾಡಿಸಿದರು. "ನಿಮ್ಮದಲ್ಲರೀ ಬಾಯಾರ. ಇವನ್ನ ತಗದ ಬಿಡ್ರಿ. ಯಾರ ಕಾಲೂ ಗುರ್ತು ಹಿಡೀಲಾರದ ಹಳೇ ಗಾಲಿ ಇದ್ರ ಅವನ್ನ ಹಾಕಿಕೊಡ್ರಿ."

ನಾಳೆಗೆ ಹುಡುಕಿ ತರುತ್ತೇನೆ ಎಂದು ಮೃಣಾಲಿನಿ ಒಪ್ಪಿಕೊಂಡರು. ಆದರೆ ಇಂದಿನ ರೈಲು ಬಂದು ನಿಂತಿತ್ತು. ಸೈಕಲ್ ಹತ್ತಿಸಬೇಕಾದ ಬೋಗಿ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿತ್ತು. ಶಂಕ್ರವ್ವ ಎಡಗೈಯಿಂದ ಸೈಕಲ್ಲಿನ ಒಂದು ಬದಿಯನ್ನು ಎತ್ತಿದರು. ಮೃಣಾಲಿನಿ ಮುಂದೆ ಬರುವಷ್ಟರಲ್ಲಿ ಚಂಪಾ ಇನ್ನೊಂದು ಬದಿಗೆ ಕೈ ಹಾಕಿದ್ದಳು.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡದೆ ಹೊರಟರು. ಚಂಪಾ ತುದಿಗಾಲಿನಲ್ಲಿ ನಡೆಯುತ್ತಿದ್ದುದರಿಂದ ಸೈಕಲ್ ಅವಳ ಕಡೆಗೆ ವಾಲಿ ವಾಲಿ ಬರುತ್ತಿತ್ತು. ಒಮ್ಮೆ ಕೈಜಾರುವಂತಾಯಿತು. ಶಂಕ್ರವ್ವ ನಿಂತರು.

"ಕಾಲು ಗಟ್ಟಿ ಊರಿ ನಡಿಯವಾ," ಎಂದರು. "ಭಾರ ಐತಿ."

ಚಂಪಾ ಹಿಡಿತ ಸರಿಮಾಡಿಕೊಂಡಳು. ಮುಂದಿನ ಹೆಜ್ಜೆ ಕಲ್ಲಿನ ಮೇಲೆ ಸಪ್ಪಳದೊಡನೆ ಬಿತ್ತು. ಅದರ ಹಿಂದೆ ಇನ್ನೊಂದು.

ಹಿಂದೆ ನಿಂತಿದ್ದ ಮೃಣಾಲಿನಿಗೆ ಮಾತ್ರ ಅದು ಕಂಡಿತು. ಸೈಕಲ್ಲಿನ ಅಡಿಯ ಕೆಂಪು ದೀಪ ಒಮ್ಮೆ ಮಿನುಗಿ ಹಸಿರಾಯಿತು. ಆ ಹೆಜ್ಜೆಯ ನಡುಕ ಕೈಯಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಗಾಲಿಗೆ ಇಳಿದಿರಬೇಕು. ನೆಲದಿಂದ ಗೇಣೆತ್ತರದಲ್ಲಿ ಪುಟ್ಟ ಗಾಲಿಗಳು ತಿರುಗತೊಡಗಿದವು. ಕೂಗಿ ಹೇಳಬೇಕೆಂದು ಅವರು ಬಾಯಿ ತೆರೆದರು. ಹೇಳಿದರೆ ಇಬ್ಬರೂ ಸೈಕಲ್ಲನ್ನು ಕೆಳಗಿಳಿಸುತ್ತಾರೆ, ಬೇರೆಯಾಗುತ್ತಾರೆ ಎನ್ನಿಸಿ ಸುಮ್ಮನಾದರು. ಸುಮ್ಮನಾದದ್ದು ಸರಿಯೋ ತಪ್ಪೋ ಅವರಿಗೆ ತಿಳಿಯಲಿಲ್ಲ.

ಗಾಲಿಗಳು ರೈಲಿನ ಬಾಗಿಲವರೆಗೂ ನೆಲ ಸಿಗದೆ ತಿರುಗುತ್ತಲೇ ಹೋದವು.