ಕೈ ಅಡ್ಡವಿಲ್ಲದ ನಗು

ಚಿತ್ರ ಇರಲಿಲ್ಲ!

ಷಿಜಿ ಒಂದೊಂದನ್ನೇ ತೆರೆದು ಮತ್ತೆ ಎಣಿಸಿದಳು. ‘ಅಮ್ಮಚ್ಚಿ’ ಎಂಬ ಫೋಲ್ಡರಿನಲ್ಲಿ ಹದಿಮೂರು ಚಿತ್ರಗಳಿರಬೇಕಿತ್ತು. ಹನ್ನೆರಡೇ ಇದ್ದವು. ಹೋದದ್ದು ಅದೊಂದೇ — ಅವಳಿಗೆ ಬೇಕಾದದ್ದು.

ಅಮ್ಮಚ್ಚಿ ಎಂದರೆ ಮುಂದಿನ ಹಲ್ಲೊಂದು ಇಲ್ಲದ ಅವಳ ಅಮ್ಮ ಕುಟ್ಟಿಯಮ್ಮ; ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಒಂದೇ ಒಂದು ಚಿತ್ರದಲ್ಲಿ ಎರಡೂ ಕೈಯಲ್ಲಿ ಹಸಿ ರಬ್ಬರ್ ಶೀಟು. ನಗು ಪೂರ್ತಿ ಕಾಣುತ್ತಿತ್ತು. ಅವಳು ತೀರಿಹೋಗಿ ವರ್ಷ ತುಂಬುವ ಪ್ರಾರ್ಥನೆ ಈ ಭಾನುವಾರ. ಇವತ್ತೇ ನೆಲ್ಯಾಡಿಯ ಸ್ಟುಡಿಯೋಗೆ ಕೊಟ್ಟರಷ್ಟೇ ಚಿತ್ರ ಗೋಡೆಗೆ ಏರೀತು. ಬೇರೆ ಪ್ರತಿ ಇಲ್ಲ. ಈಚೆಗೆ ಅಮ್ಮಚ್ಚಿಯ ನಗುವನ್ನು ನೆನೆಯಹೊರಟರೆ ಷಿಜಿಗೆ ಬರೀ ಕೈ ಕಾಣುತ್ತಿತ್ತು.

ಷಿಜಿ ಫೋನ್ ಮಾಡಿದ ಅರ್ಧ ಗಂಟೆಯಲ್ಲಿ, ಕಡಬದಲ್ಲಿ ಕಂಪ್ಯೂಟರ್ ಕಲಿಸುವ ಭವಿತಾ ಟೀಚರ್ ಬಂದರು.

“ಈ ಕಂಪ್ಯೂಟರಿನಲ್ಲಿ ಕೂರುದು ಯಾರೆಲ್ಲ?”

“ಚಾಚ ಫೋಟೋ ನೋಡ್ತಾರೆ. ಚೇಟಾಯಿ ಚರ್ಚಿನ ಹಾಡು ರೆಕಾರ್ಡ್ ಮಾಡ್ತಾನೆ. ಬುಧವಾರ ರಿಪೇರಿಯ ಕಬೀರ್ ಬಂದು ವೈರಸ್ ತೆಗೆದು ಹೋದ. ಅವನೇ ಅಳಿಸಿದ್ನಾ ಟೀಚರ್?”

“ಷಿಜಿಯೇ ಅಳಿಸಿರ್ಬೇಕು,” ಎಂದ ಚೇಟಾಯಿ, ಅವಳ ಅಣ್ಣ ಟೋಣಿ. “ಅವಳ ಬೆರಳಿಗೆ ಬ್ರೇಕ್ ಉಂಟಾ?”

ಟೀಚರ್ ನಗಲಿಲ್ಲ. ರಿಸೈಕಲ್ ಬಿನ್ ತೆರೆದರು — ಅಲ್ಲೂ ಇಲ್ಲ. ಷಿಜಿಯ ಅಪ್ಪ ಸ್ಕರಿಯ ಚಾಚನ ಕಡೆ ತಿರುಗಿದರು.

“ಕಬೀರ್ ಹೋದ ಮೇಲೆ ಫೋಟೋ ನೋಡಿದ್ರಾ?”

“ನೋಡಿದೆ. ಅವಳ ನಗು ನೋಡಿಯೇ ಎದ್ದದ್ದು. ನಿನ್ನೆಯಿಂದ ಎಂತದೂ ಕಾಣುದಿಲ್ಲ ಟೀಚರೇ. ಕಣ್ಣು ಹೋಯ್ತು.”

“ಚಾಚನ ಕಣ್ಣಿನ ವಾರಂಟಿ ಮುಗಿಯಿತು,” ಎಂದ ಟೋಣಿ.

“ಬೇರೆ ಫೋಲ್ಡರ್ ಕಾಣ್ತದಾ?”

ಚಾಚ ಮುಂದೆ ಬಾಗಿದರು. “ಅದು... ಕಾಣ್ತದೆ. ದೊಡ್ಡ ದೊಡ್ಡ ಚಿತ್ರ. ಇದೊಂದರಲ್ಲಿ ಬರೀ ಇರುವೆ ಸಾಲು.”

ಟೀಚರ್ ಮೌಸ್ ಬಿಟ್ಟು ತಿರುಗಿ ಕೂತರು.

“ನಿಮ್ಮ ಕಣ್ಣಿಗೆ ಎಂತದೂ ಆಗ್ಲಿಲ್ಲ. ಚಾಚನಿಗೆ ಕಾಣಲಿ ಅಂತ ಎಲ್ಲ ಫೋಲ್ಡರಿಗೂ ಎಕ್ಸ್‌ಟ್ರಾ ಲಾರ್ಜ್ ಐಕಾನ್ಸ್ ಇಟ್ಟದ್ದು ನಾನೇ. ಇದೊಂದನ್ನು ಯಾರೋ ‘ಡೀಟೇಲ್ಸ್’ ಮಾಡಿದ್ದಾರೆ. ಮುಖ ಇಲ್ಲ, ಹೆಸರು ಮತ್ತು ತಾರೀಕು ಮಾತ್ರ. ಕಬೀರ್ ಹೋದ ಮೇಲೆ ಮಾಡಿದ್ದು. ಚಾಚ ಅಲ್ಲ, ಅವರಿಗೆ ಈ ಅಕ್ಷರ ಕಾಣುದಿಲ್ಲ. ನನ್ನನ್ನು ಕರೆದ ಷಿಜಿಯೂ ಅಲ್ಲ. ಒಂದು ಮುಖ ಕಾಣೆಯಾದದ್ದು ಗೊತ್ತಾಗಬಾರದು ಅಂತ ಮಾಡಿದ್ದಲ್ವಾ, ಟೋಣಿ?”

ಟೋಣಿಯ ನಗು ನಿಂತಿತು.

“ಅದಕ್ಕಲ್ಲ ಟೀಚರ್,” ಎಂದ. “ಉಳಿದ ಹನ್ನೆರಡರಲ್ಲೂ ಕೈ ಅಡ್ಡ ಉಂಟು. ನೋಡ್ಲಿಕ್ಕೆ ಆಗ್ಲಿಲ್ಲ.”

“ಹದಿಮೂರನೆಯದು?” ಷಿಜಿ ಕೇಳಿದಳು.

“ನಾನೇ ನಗಿಸಿ ತೆಗೆದದ್ದು. ‘ಹಲ್ಲು ಕಾಣ್ತದೆ, ಅಳಿಸು ಮೋನೆ’ ಅಂದಿದ್ಲು. ಅಳಿಸ್ತೇನೆ ಅಂತ ಮಾತು ಕೊಟ್ಟಿದ್ದೆ. ಗೋಡೆಗೆ ಹಾಕ್ತೀರಿ ಅಂದಾಗ... ಅಳಿಸ್ಲಿಕ್ಕೆ ಕೈ ಬರ್ಲಿಲ್ಲ.”

“ಅಳಿಸಲಿಲ್ಲ,” ಎಂದರು ಟೀಚರ್ ಮೆಲ್ಲಗೆ. “ಅಡಗಿಸಿದ್ದು.”

ವ್ಯೂ ಒತ್ತಿ, ಹಿಡನ್ ಐಟಮ್ಸ್‌ಗೆ ಗುರುತು ಹಾಕಿದರು. ಸಾಲಿನ ತುದಿಯಲ್ಲಿ ಹದಿಮೂರನೆಯ ಹೆಸರು ಮೂಡಿತು, ಮಸುಕಾಗಿ. ಮತ್ತೆ ಎಕ್ಸ್‌ಟ್ರಾ ಲಾರ್ಜ್ ಐಕಾನ್ಸ್. ಹನ್ನೆರಡು ಕೈಗಳ ಪಕ್ಕದಲ್ಲಿ ಅಮ್ಮಚ್ಚಿ ನಕ್ಕಳು.

ಷಿಜಿ ಅಣ್ಣನನ್ನು ನೋಡಿದಳು. ಕೊಟ್ಟ ಮಾತು ಅವನದು. ಗೋಡೆಗೆ ಹಾಕೋಣವೆಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಚಾಚ ಕುರ್ಚಿ ಎಳೆದುಕೊಂಡು ಪರದೆಗೆ ಮುಖ ತಾಗಿಸುವಷ್ಟು ಹತ್ತಿರ ಕೂತರು.

“ನನ್ನ ಹತ್ತಿರ ಅವಳು ಯಾವತ್ತೂ ಕೈ ಅಡ್ಡ ಹಿಡೀಲಿಲ್ಲ ಟೋಣಿ. ಇದೇ ನಗು. ಗೋಡೆಗೆ ಹಾಕು. ಅವಳು ಕೇಳಿದ್ರೆ ನಾನು ಹೇಳಿದ್ದು ಅಂತ ಹೇಳ್ತೇನೆ.”

ಆಮೇಲೆ, ಕಣ್ಣು ತೆಗೆಯದೆ, ಕೇಳಿದರು:

“ಟೀಚರೇ, ಇನ್ನೂ ದೊಡ್ಡದು ಮಾಡ್ಲಿಕ್ಕೆ ಉಂಟಾ?”