ಹಾಡಿಲ್ಲದ ಪುಟ

ಹಾಡು ಮುಗಿದು ಅರೆ ನಿಮಿಷವಾಗಿತ್ತು. ಆಗ ಪುಸ್ತಕದ ಕೋಣೆಯಿಂದ ಚೀರಾಟ ಕೇಳಿಸಿತು.

ಐದು ಜನ ಗಾಯಕರೂ ಕಾಲುಚೀಲದಲ್ಲೇ ಓಡಿದರು. ತಂಡ ಕಟ್ಟಿ ಬೆಳೆಸಿದ ಅಕ್ಕ ಮೇಜಿನ ಮೇಲೆ ಮುಖ ಹಾಕಿ ಬಿದ್ದಿದ್ದರು. ತಲೆಯ ಹಿಂಭಾಗದಲ್ಲಿ ರಕ್ತ. ಹಳೆಯ ಪುಸ್ತಕಗಳು ಮುಚ್ಚಿಕೊಳ್ಳದಂತೆ ಹಾಳೆಯ ಮೇಲೆ ಹೇರುವ ಕಬ್ಬಿಣದ ತುಂಡು ನೆಲದಲ್ಲಿತ್ತು. ಪಕ್ಕದಲ್ಲಿ ನಿಂತು ಚೀರುತ್ತಿದ್ದವಳು ಅಕ್ಕನ ಮಗಳು. ಅವಳ ಎರಡೂ ಕೈ ಕೆಂಪಾಗಿದ್ದವು.

ಹಾಡಹಗಲು, ಗಂಟೆ ಮೂರು. ದೇವರ ನಾನೂರು ವರ್ಷ ಹಳೆಯ ಪ್ರಾರ್ಥನೆ ಹಾಡುವ ಜಾಗದಲ್ಲಿ ಕೊಲೆ!

* * *

ಇನ್ಸ್‌ಪೆಕ್ಟರಮ್ಮನಿಗೂ ಸಂಗೀತಕ್ಕೂ ಎಣ್ಣೆ ಸೀಗೇಕಾಯಿ. ಆದರೆ ಪ್ರಶ್ನೆ ಕೇಳಲು ಸ್ವರಜ್ಞಾನ ಬೇಕಿಲ್ಲವಲ್ಲ. ತಂಡದ ಅತಿ ದಪ್ಪ ದನಿಯವನನ್ನು ಮೊದಲು ಹಿಡಿದರು. ಎಲ್ಲರೂ ಅವನನ್ನು ಗುಡುಗು ಎನ್ನುತ್ತಿದ್ದರು.

"ಯಾರಾದ್ರೂ ನಡುವೆ ಎದ್ದು ಹೋದ್ರಾ?"

"ಗೊತ್ತಿಲ್ಲ ಮೇಡಂ. ಎಲ್ಲರೂ ಗೋಡೆಗೆ ಮುಖ ಮಾಡಿ ಹಾಡಬೇಕು. ಕಣ್ಣಿನಿಂದಲ್ಲ, ಕಿವಿಯಿಂದ ಸೇರಿಕೊಳ್ಳಿ ಅಂತ ಅಕ್ಕನ ಕಟ್ಟಪ್ಪಣೆ."

"ಚಪ್ಪಲಿ, ಬೂಟು?"

"ಕಲ್ಲಿನ ನೆಲ, ಸದ್ದಾಗುತ್ತೆ. ಬಾಗಿಲಲ್ಲೇ ಬಿಡ್ತೀವಿ."

"ನಿಮ್ಮ ಅಕ್ಕ ಮಾತ್ರ ಯಾಕೆ ಒಳಗೆ ಕೂತಿದ್ರು?"

ಗುಡುಗು ಕಣ್ಣೊರೆಸಿಕೊಂಡ. "ಹೊಸ ಹಾಡಿನ ಮೊದಲನೇ ಸಲ ಅಕ್ಕ ಇರ್ತಿರಲಿಲ್ಲ. ಆರಾಮಾಗಿ ತಪ್ಪು ಮಾಡ್ರೋ, ಆಮೇಲೆ ಬಂದು ಬೈತೀನಿ ಅಂತಿದ್ರು. ಇವತ್ತೂ ಪುಸ್ತಕ ಹಂಚಿ, ಮೊದಲ ಸ್ವರ ಕೊಟ್ಟು, ನಗ್ತಾ ಹೋದ್ರು. ಹಾಡು ಒಂದು ಕ್ಷಣವೂ ನಿಲ್ಲಲಿಲ್ಲ. ನನ್ನಾಣೆ!"

ಐವರದೂ ಅದೇ ಮಾತು. ಹೊರಗಿನವರು ಯಾರೂ ಬಂದಿಲ್ಲ ಎಂದ ಕಾವಲುಗಾರ. ಉಳಿದವಳು ಮಗಳು ಒಬ್ಬಳೇ.

"ಬೆಳಿಗ್ಗೆ ಅಮ್ಮನ ಜತೆ ಜಗಳ ಆಡಿದ್ದು ನಿಜ," ಎಂದಳು ಅವಳು. "ತಂಡ ಬಿಟ್ಟೆ ಅಂದಿದ್ದೂ ನಿಜ. ಬೀಗದ ಕೈ ವಾಪಸ್ ಕೊಡೋಕೆ ಪುಸ್ತಕದ ಕೋಣೆಯ ಹಿಂದಿನ ಬಾಗಿಲಿಗೆ ಬಂದೆ. ಮಾವ ಒಬ್ಬರೇ ಹಾಡ್ತಿದ್ರು. ಮುಗೀಲಿ ಅಂತ ಹೊರಗೇ ನಿಂತೆ. ಒಳಗೆ ಬಂದ್ರೆ ಅಮ್ಮ ಮೇಜಿನ ಮೇಲೆ ಮಲಗಿದ್ದಾಳೆ ಅನ್ನಿಸ್ತು. ತಲೆ ಎತ್ತೋಕೆ ಹೋದೆ..."

ಮಾವ ಎಂದರೆ ಅಕ್ಕನ ಒಡಹುಟ್ಟಿದ ತಮ್ಮ. ತಂಡದ ನಡುದನಿ, ಎಲ್ಲರ ಬಾಯಲ್ಲೂ ಮಾವ. ತಂದೆಯಿಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವರು. ಅವರು ಮುಂದೆ ಬಂದು, "ಅವಳಲ್ಲ ಮೇಡಂ. ನಮ್ಮ ಮಗು ಅಂಥವಳಲ್ಲ," ಎಂದರು.

"ಮತ್ತೆ ಯಾರು?"

ಅವರು ನೆಲ ನೋಡಿದರು. ಪೇದೆ ಆಗಲೇ ಕೈಕೋಳ ತೆಗೆದಿದ್ದ. ಸಂಜೆಯೊಳಗೆ ಹುಡುಗಿ ಲಾಕಪ್ಪಿನಲ್ಲಿರುವುದು ಖಂಡಿತವೆಂದು ಎಲ್ಲರಿಗೂ ಅನಿಸಿತು.

ಆಗ ತಂಡದ ಮೇಲುದನಿಯ ಗಾಯಕಿ ಬಿಕ್ಕುತ್ತ ಅಂದಳು: "ಇವತ್ತೇ ಮಾವ ಎಷ್ಟು ಚೆನ್ನಾಗಿ ಹಾಡಿದ್ರು ಗೊತ್ತಾ? ಕೊನೆಗೆ ದನಿ ನಡುಗ್ತಿತ್ತು, ಕೇಳಿ ನನಗೂ ಅಳು ಬಂತು. ಇಷ್ಟು ವರ್ಷದಲ್ಲಿ ಅವರು ಹಾಗೆ ಹಾಡಿದ್ದೇ ಇಲ್ಲ."

ಇನ್ಸ್‌ಪೆಕ್ಟರಮ್ಮ ಪೇದೆಯ ಕೈ ತಡೆದರು. "ಐದೂ ಪುಸ್ತಕ ತಗೊಂಡು ಬಾ."

* * *

ಪುಸ್ತಕಗಳನ್ನು ನೆಲದ ಮೇಲೆ ಸಾಲಾಗಿ ತೆರೆದಿಟ್ಟರು. ಎಲ್ಲವೂ ಅಕ್ಕನ ಕೈಬರಹ. ಒಂದೊಂದರಲ್ಲೂ ಒಂದೊಂದೇ ದನಿ. ಹಳೆಯ ಕಾಲದ ಕ್ರಮವದು. ಪಕ್ಕದವನು ಏನು ಹಾಡುತ್ತಾನೆಂದು ಯಾರ ಪುಸ್ತಕವೂ ಹೇಳದು. ನಾಲ್ಕು ಪುಸ್ತಕಗಳ ಮೂರನೇ ಪುಟ ಶಾಯಿಯಿಂದ ತುಂಬಿತ್ತು. ಐದನೆಯದು ಖಾಲಿ. ಮೇಲೆ ಒಂದೇ ಸಾಲು: ತೊಂಬತ್ತಾರು ಎಣಿಸುವವರೆಗೆ ಸುಮ್ಮನಿರು.

"ಇದು ಯಾರದು?"

ಎಲ್ಲರ ಕಣ್ಣೂ ಮಾವನ ಕಡೆ ಹೊರಳಿತು.

ಇನ್ಸ್‌ಪೆಕ್ಟರಮ್ಮ ಬೂಟು ಬಿಚ್ಚಿದರು. ಗುಡುಗು ಹಾಡಿನ ವೇಗದಲ್ಲಿ ಎಣಿಸತೊಡಗಿದ. ಅವರು ಮಾವನ ಜಾಗದಿಂದ ಪುಸ್ತಕದ ಕೋಣೆಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಹಿಂದಿರುಗಿದರು. ಎಣಿಕೆ ಎಂಬತ್ತೆರಡಕ್ಕೆ ಬಂದಿತ್ತು.

"ಹಾಡು ನಿಲ್ಲಲಿಲ್ಲ ಅಂತ ನೀವೆಲ್ಲ ಹೇಳಿದ್ದು ನಿಜ," ಎಂದರು. "ಆದ್ರೆ ಐದರಲ್ಲಿ ಒಂದು ದನಿ ನಿಂತಿತ್ತು. ಹೊಸ ಹಾಡು, ಎಲ್ಲರ ಜೀವವೂ ಅವರವರ ಪುಸ್ತಕದಲ್ಲೇ. ಉಳಿದ ನಾಲ್ಕು ದನಿ ತುಂಬಿಕೊಂಡಿತ್ತು, ಯಾರಿಗೂ ಕೊರತೆ ಕಾಣಲಿಲ್ಲ. ನನಗೆ ಅನುಮಾನ ಬಂದದ್ದು ಆ ನಡುಗಿದ ದನಿ ಕೇಳಿ. ಅಕ್ಕ ಸತ್ತದ್ದು ಎಲ್ಲರಿಗೂ ಗೊತ್ತಾಗಿದ್ದು ಚೀರಾಟದ ಮೇಲೆ. ಇವರು ಅದಕ್ಕೂ ಮೊದಲೇ ಅತ್ತರು."

ಮಗಳು ಅವರ ಕಡೆ ತಿರುಗಿದಳು. "ಮಾವ?"

ಅವರು ಗೋಡೆಗೊರಗಿ ಕೂತರು.

"ನಿನ್ನ ದನಿ ಹೋಗ್ತಿದೆ ಕಣೋ ಅಂತ ಅಕ್ಕ ಒಂದು ವರ್ಷದಿಂದ ಹೇಳ್ತಿದ್ದಳು. ಆ ಖಾಲಿ ಪುಟ ನೋಡಿ, ನನ್ನನ್ನ ಅಳಿಸೋಕೆ ಶುರು ಮಾಡಿದಳು ಅಂದುಕೊಂಡೆ. ಕೇಳೋಣ ಅಂತಲೇ ಹೋದೆ. ಅವಳು ತಿರುಗಿ ಕೂಡ ನೋಡಲಿಲ್ಲ. 'ಹೋಗೋ, ಎಣಿಕೆ ತಪ್ತೀಯ' ಅಂದಳು."

"ತಪ್ಪಿತಾ?"

"ಇಲ್ಲ. ಹೊಡೆದಾಗ ಐವತ್ತೊಂದು. ಬಾಯಿ ತನ್ನಷ್ಟಕ್ಕೆ ಎಣಿಸ್ತಾ ಇತ್ತು."

ಗುಡುಗು ಎರಡೂ ಕಿವಿ ಮುಚ್ಚಿಕೊಂಡ.

ಮಗಳು ಬಗ್ಗಿ ಖಾಲಿ ಪುಟವನ್ನು ಮಗುಚಿದಳು. ಮುಂದಿನ ಪುಟ ತುಂಬಾ ಹಾಡು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಅಮ್ಮನ ಅಕ್ಷರ. ಅವಳು ಗಟ್ಟಿಯಾಗಿ ಓದಿದಳು: "ಹಿಂದಿನ ಪುಟದಲ್ಲಿ ಉಸಿರು ಉಳಿಸಿಕೊಂಡೆ ತಾನೆ, ತಮ್ಮಾ? ಇಲ್ಲಿಂದ ಕೊನೆಯವರೆಗೆ ನೀನೊಬ್ಬನೇ."

ಅವಳು ತಲೆಯೆತ್ತಿದಳು.

"ಇದನ್ನ ಯಾವಾಗ ಓದಿದ್ರಿ, ಮಾವ?"

"ತೊಂಬತ್ತಾರಕ್ಕೆ."

"ಓದಿದ ಮೇಲೂ ಹಾಡಿದ್ರಾ?"

ಅವರು ಪುಸ್ತಕದ ಕೋಣೆಯ ಕಡೆ ನೋಡಿದರು.

"ಬಾಗಿಲು ತೆಗೆದೇ ಬಂದಿದ್ದೆ," ಎಂದರು. "ಅವಳಿಗೆ ಕೇಳಿಸುತ್ತೇನೋ ಅಂತ ಹಾಡಿದೆ."